ಮುಡಿ, ಬೋಳು, ಜಡೆ: ನಾಗರಖಂಡ ಸೀಮೆಯಲ್ಲಿ ಹೆಣ್ಣಿನ ಕೂದಲಿನ ಅರ್ಥಚರಿತ್ರೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯು ಶಾಸನಗಳಲ್ಲಿ ಬಂದಣಿಕೆ ಎಂದೂ ಬಾಂಧವಪುರ ಎಂದೂ ಹೆಸರಾಗಿರುವ ಪ್ರಾಚೀನ ನೆಲೆ. ಬನವಾಸಿ ಹನ್ನೆರಡುಸಾಸಿರದೊಳಗಿನ ನಾಗರಖಂಡ ಎಪ್ಪತ್ತರ ಚರಿತ್ರೆಯಲ್ಲಿ ಈ ಊರಿಗೆ ಪ್ರಮುಖ ಸ್ಥಾನವಿದೆ. ಇಲ್ಲಿನ ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ದೇವಾಲಯಗಳ ಶಿಲ್ಪ ಮತ್ತು ಶಾಸನಗಳನ್ನು ಕುರಿತು ಸಾಕಷ್ಟು ಅಧ್ಯಯನಗಳು ನಡೆದಿವೆ. ಆದರೆ ಈ ಸೀಮೆಯ ಹೆಣ್ಣಿನ ದೇಹವನ್ನು ಬೇರೆ ಬೇರೆ ಕಾಲಗಳು ಹೇಗೆ ಓದಿಕೊಂಡವು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಪ್ರಸ್ತುತ ಲೇಖನವು ಆ ದೇಹದ ಒಂದೇ ಒಂದು ಅಂಶವನ್ನು, ಅಂದರೆ ಕೂದಲನ್ನು, ಆಯ್ದುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸುತ್ತದೆ. ಇರಬಾರದೆಂದು ಬಗೆದ ಕಡೆ ಬೆಳೆಯುವ ಕೂದಲು ಹಾಗೂ ಇರಬೇಕೆಂದು ಬಗೆದ ಕಡೆಯಿಂದ ಉದುರುವ ಕೂದಲು, ಇವೆರಡಕ್ಕೂ ದೇಹದೊಳಗಿನ ಹಾರ್ಮೋನುಗಳು ಮುಖ್ಯ ಕಾರಣವೆಂಬುದು ಇಪ್ಪತ್ತನೆಯ ಶತಮಾನದಲ್ಲಿ ಸ್ಥಿರಪಟ್ಟ ತಿಳಿವು. ಅದಕ್ಕೆ ಮೊದಲು ಇದೇ ಸಂಗತಿಗಳಿಗೆ ಶಾಸ್ತ್ರವೂ ಸಮಾಜವೂ ದೇವಸ್ಥಾನವೂ ಬಾಣಂತಿಕೋಣೆಯೂ ತಮ್ಮ ತಮ್ಮ ಅರ್ಥಗಳನ್ನು ಕೊಟ್ಟಿದ್ದವು. ಆ ಅರ್ಥಗಳಲ್ಲಿ ಯಾವುದು ಹೆಣ್ಣಿನ ಮೇಲೆ ದೋಷ ಹೊರಿಸಿತು, ಯಾವುದು ಹೊರಿಸಲಿಲ್ಲ ಎಂಬುದನ್ನು ಬೇರ್ಪಡಿಸಿ ನೋಡುವುದು ಇಲ್ಲಿನ ಉದ್ದೇಶ.

ಬಂದಣಿಕೆಯ ಶಾಸನ ಮತ್ತು ಹೆಸರಿಲ್ಲದ ರೋಗ

ಬಂದಳಿಕೆಯ ಹೆಣ್ಣಿನ ಚರಿತ್ರೆ ಆರಂಭವಾಗುವುದು ಜಕ್ಕಿಯಬ್ಬೆಯಿಂದ. ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ ಶಾಸನದಿಂದ ಆಕೆಯ ವಿವರಗಳು ತಿಳಿದುಬರುತ್ತವೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮರಣ ಹೊಂದಿದಾಗ ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಆಕೆ ಹೆಣ್ಣಾಗಿಯೂ ಪರಾಕ್ರಮದಿಂದ ನಾಡನ್ನು ಆಳಿದಳೆಂದು ಶಾಸನವು ಹೊಗಳುತ್ತದೆ, ಜೊತೆಗೆ ಆಕೆಯ ರೂಪವನ್ನೂ ಕೊಂಡಾಡುತ್ತದೆ. ಮುಂದೆ ದೇಹಕ್ಕೆ ರೋಗವು ಆವರಿಸಿದಾಗ ಆಕೆ ಮಗಳನ್ನು ಕರೆಯಿಸಿ, ತನ್ನದೆಲ್ಲವನ್ನೂ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು ವ್ರತಸ್ಥಳಾಗಿ ದೇಹತ್ಯಾಗ ಮಾಡುತ್ತಾಳೆ. ಈ ಘಟನೆಯನ್ನು ವಿದ್ವಾಂಸರು ಕ್ರಿ.ಶ. 918ಕ್ಕೆ ನಿಲ್ಲಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಾಸನಕಾರನಿಗೆ ಆಕೆಯ ರೋಗದ ಹೆಸರಾಗಲಿ ಲಕ್ಷಣವಾಗಲಿ ಮುಖ್ಯವಲ್ಲ. ವೈರಾಗ್ಯಕ್ಕೆ ನಿಮಿತ್ತವಾಗಿ ಮಾತ್ರ ಅದು ಉಲ್ಲೇಖಗೊಂಡಿದೆ. ಮಧ್ಯಕಾಲೀನ ಬರಹಗಳಲ್ಲಿ ಹೆಣ್ಣಿನ ದೇಹದ ಏರುಪೇರು ದಾಖಲಾಗುವ ಸಾಮಾನ್ಯ ರೀತಿಯೇ ಇದು. ಜಕ್ಕಿಯಬ್ಬೆಯ ಕೂದಲಿನ ಬಗೆಗೆ ಶಾಸನವು ಏನನ್ನೂ ಹೇಳುವುದಿಲ್ಲ. ಆದರೆ ಆಕೆ ನಂಬಿದ್ದ ಜೈನಧರ್ಮದಲ್ಲಿ ಕೂದಲಿಗೆ ನಿರ್ದಿಷ್ಟವಾದ ಅರ್ಥವಿತ್ತು. ದೀಕ್ಷೆ ಹೊಂದಿದ ಮುನಿಗಳಂತೆಯೇ ಆರ್ಯಿಕೆಯರೂ ತಲೆಗೂದಲನ್ನು ಕೈಯಿಂದ ಕಿತ್ತು ಕೇಶಲೋಚ ಮಾಡಿಕೊಳ್ಳುತ್ತಾರೆ. ಇಲ್ಲಿ ಬೋಳುತಲೆ ದೋಷವಲ್ಲ, ಅದು ಸ್ವಇಚ್ಛೆಯ ವ್ರತ. ಅಂದರೆ ಹತ್ತನೆಯ ಶತಮಾನದ ಬಂದಣಿಕೆಯಲ್ಲಿ ಕೂದಲಿಲ್ಲದ ಹೆಣ್ಣು ಪೂಜ್ಯಳಾಗಿರುವುದಕ್ಕೆ ಒಂದು ಎಡೆಯಿತ್ತು.

ಇದೇ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು, ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಹನ್ನೆರಡನೆಯ ಶತಮಾನದ ಈ ಇಬ್ಬರೂ ಕಲ್ಯಾಣದಲ್ಲಿ ಎದುರಾಗುವ ಪ್ರಸಂಗವನ್ನು ಶೂನ್ಯಸಂಪಾದನೆಗಳು ವಿಸ್ತಾರವಾಗಿ ಚಿತ್ರಿಸಿವೆ. ಸೀರೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮುಚ್ಚಿಕೊಂಡಿರುವುದೇಕೆ ಎಂಬುದು ಅಲ್ಲಮನ ಪ್ರಶ್ನೆ. ಈ ಸಂವಾದದ ಆಧ್ಯಾತ್ಮಿಕ ಅರ್ಥ ಏನೇ ಇರಲಿ, ಹೆಣ್ಣಿನ ಕೂದಲಿಗೆ ಸಾರ್ವಜನಿಕವಾಗಿ ಕಾರಣ ಕೇಳಲಾಗುತ್ತಿತ್ತು ಎಂಬುದೂ, ಅದಕ್ಕೆ ಹೆಣ್ಣೊಬ್ಬಳು ತಾನೇ ಉತ್ತರ ಕೊಟ್ಟಳೆಂಬುದನ್ನು ಪರಂಪರೆಯು ನೆನಪಿಟ್ಟುಕೊಂಡಿತು ಎಂಬುದೂ ಚರಿತ್ರೆಯ ದೃಷ್ಟಿಯಿಂದ ಮಹತ್ವದ್ದು. ಸಾಮಾನ್ಯ ಹೆಣ್ಣಿಗೆ ಇಂತಹ ಉತ್ತರದ ಅವಕಾಶವಿರಲಿಲ್ಲ. ಆಕೆಯ ಪರವಾಗಿ ಶಾಸ್ತ್ರಗಳು ಮಾತನಾಡಿದವು.

ಲಕ್ಷಣಶಾಸ್ತ್ರ ಮತ್ತು ವೈದ್ಯಶಾಸ್ತ್ರ

ಮನುಸ್ಮೃತಿಯ ಮೂರನೆಯ ಅಧ್ಯಾಯವು ವಿವಾಹಕ್ಕೆ ವರ್ಜ್ಯರಾದ ಕನ್ಯೆಯರನ್ನು ಪಟ್ಟಿ ಮಾಡುವಾಗ ರೋಮವಿಲ್ಲದವಳನ್ನೂ ಅತಿರೋಮದವಳನ್ನೂ ಹೆಸರಿಸುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವೂ ಎಂಟು ಬಗೆಯ ನಿಂದಿತ ಶರೀರಗಳಲ್ಲಿ ಅತಿಲೋಮ ಮತ್ತು ಅಲೋಮ ಎಂಬ ಎರಡನ್ನು ಸೇರಿಸಿದೆ. ಎರಡು ಗ್ರಂಥಗಳೂ ಒಂದೇ ದೇಹಲಕ್ಷಣವನ್ನು ಗುರುತಿಸಿವೆಯಾದರೂ ಅವುಗಳ ಉದ್ದೇಶ ಬೇರೆ. ಒಂದು ಹೆಣ್ಣನ್ನು ಆಯ್ಕೆಯಿಂದ ಹೊರಗಿಡುತ್ತದೆ. ಇನ್ನೊಂದು ಗಂಡುಹೆಣ್ಣೆಂಬ ಭೇದವಿಲ್ಲದೆ ಶರೀರವನ್ನು ವರ್ಗೀಕರಿಸುತ್ತದೆ.

ಕೂದಲುದುರುವಿಕೆಯ ಬಗೆಗೆ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ವಿವರಣೆಯಿದೆ. ರೋಮಕೂಪವನ್ನು ಸೇರಿದ ಪಿತ್ತವು ವಾತದೊಡನೆ ಕೂಡಿ ಕೂದಲನ್ನು ಬೀಳಿಸುತ್ತದೆ, ಅನಂತರ ರಕ್ತದೊಡನೆ ಕೂಡಿದ ಕಫವು ಆ ಕೂಪವನ್ನು ಮುಚ್ಚುವುದರಿಂದ ಮತ್ತೆ ಕೂದಲು ಹುಟ್ಟುವುದಿಲ್ಲ ಎಂಬುದು ಅಲ್ಲಿನ ನಿರೂಪಣೆ. ಇದಕ್ಕೆ ಇಂದ್ರಲುಪ್ತ, ಖಾಲಿತ್ಯ ಎಂಬ ಹೆಸರುಗಳಿವೆ. ವ್ಯಾಖ್ಯಾನಕಾರರು ಇದರೊಡನೆ ವಿದೇಹನ ಒಂದು ಮತವನ್ನು ಉದ್ಧರಿಸುತ್ತಾರೆ. ಹೆಂಗಸರಿಗೆ ತಿಂಗಳು ತಿಂಗಳೂ ರಜಸ್ಸು ಸ್ರವಿಸುವುದರಿಂದ ಅವರಿಗೆ ಖಾಲಿತ್ಯ ಬರುವುದಿಲ್ಲ ಎಂಬುದು ಆ ಮತದ ಸಾರ. ಹೆಂಗಸರ ತಲೆಗೂದಲೂ ತೆಳುವಾಗುತ್ತದೆಯಾದ್ದರಿಂದ ಈ ತೀರ್ಮಾನವು ತಪ್ಪು. ಆದರೆ ಮುಟ್ಟಿಗೂ ಕೂದಲಿಗೂ ಸಂಬಂಧವಿದೆ ಎಂಬ ಊಹೆ ತಪ್ಪಲ್ಲ.

ಇದೇ ಸಂಬಂಧವನ್ನು ಪ್ರಾಚೀನ ಗ್ರೀಸಿನ ವೈದ್ಯರೂ ಕಂಡಿದ್ದರು. ಹಿಪ್ಪೊಕ್ರೆಟಿಸ್ ಪರಂಪರೆಯ ‘ಎಪಿಡೆಮಿಕ್ಸ್’ ಗ್ರಂಥದ ಆರನೆಯ ಭಾಗದಲ್ಲಿ ಅಬ್ಡೆರಾ ಪಟ್ಟಣದ ಫೇಥೂಸಾ ಎಂಬವಳ ವೃತ್ತಾಂತವಿದೆ. ಗಂಡನು ದೇಶಭ್ರಷ್ಟನಾದ ಮೇಲೆ ಆಕೆಯ ಮುಟ್ಟು ನಿಂತು, ಮೈಮೇಲೆ ರೋಮ ಬೆಳೆದು, ಗಡ್ಡ ಮೂಡಿತೆಂದು ಅಲ್ಲಿ ಬರೆದಿದೆ. ಮುಟ್ಟನ್ನು ಮರಳಿ ತರಿಸಲು ವೈದ್ಯರು ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. ಎರಡು ಸಾವಿರ ವರ್ಷಗಳ ಅನಂತರ, 1631ರಲ್ಲಿ, ಚಿತ್ರಕಾರ ರಿಬೇರಾ ನೇಪಲ್ಸ್ ನಗರದಲ್ಲಿ ಮಗ್ದಲೇನಾ ವೆಂಟೂರಾ ಎಂಬ ಗಡ್ಡವಿದ್ದ ಹೆಂಗಸಿನ ಚಿತ್ರವನ್ನು ರಚಿಸಿದನು. ಆಕೆಗೆ 37ನೆಯ ವಯಸ್ಸಿನಲ್ಲಿ ಗಡ್ಡ ಬೆಳೆಯತೊಡಗಿತೆಂದು ಚಿತ್ರದಲ್ಲಿಯೇ ಬರೆದಿದೆ. ಪೂರ್ವದಲ್ಲಾಗಲಿ ಪಶ್ಚಿಮದಲ್ಲಾಗಲಿ ವೀಕ್ಷಣೆಯು ಇತ್ತು, ವಿವರಣೆಯು ಇರಲಿಲ್ಲ. ವಿವರಣೆಯಿಲ್ಲದ ಎಡೆಯನ್ನು ಬೈಗುಳಗಳು ಹಾಗೂ ಹರಕೆಗಳು ತುಂಬಿದವು.

ಭಾಷೆಯಲ್ಲಿ ಉಳಿದ ತೀರ್ಪು

ಕನ್ನಡದ ಆಡುಮಾತಿನಲ್ಲಿ ಹೆಣ್ಣಿನ ಕೂದಲಿಗೆ ಸಂಬಂಧಿಸಿದಂತೆ ಮೂರು ಪದಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು ‘ಮುಡಿ’. ಹೂ ಮುಡಿಯುವ ಹಕ್ಕು ಮುತ್ತೈದೆತನದ ಗುರುತು. ದೇವರಿಗೆ ಮುಡಿ ಕೊಡುವುದು ಹರಕೆಯ ಸಲ್ಲಿಕೆ. ಎರಡನೆಯದು ‘ಬೋಳಿ’. ವಿಧವೆಯ ತಲೆ ಬೋಳಿಸುವ ಪದ್ಧತಿಯಿಂದ ಹುಟ್ಟಿದ ಈ ಪದವು ಬೈಗುಳವಾಗಿ ಇಂದಿಗೂ ಉಳಿದಿದೆ. ಶಿವಮೊಗ್ಗ ಜಿಲ್ಲೆಯವರೇ ಆದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯು ಮಲೆನಾಡಿನ ಬಾಲವಿಧವೆಯೊಬ್ಬಳ ಬದುಕಿನ ಮೂಲಕ ಈ ಪದ್ಧತಿಯ ಕ್ರೌರ್ಯವನ್ನು ದಾಖಲಿಸಿದೆ. ಬೋಳಿಸಿದ ತಲೆಯನ್ನೂ ತಾನಾಗಿ ಬೋಳಾದ ತಲೆಯನ್ನೂ ಈ ಪದವು ಬೇರ್ಪಡಿಸುವುದಿಲ್ಲ. ಆದ್ದರಿಂದ ನೆತ್ತಿಯ ಕೂದಲು ತೆಳುವಾದ ಮುತ್ತೈದೆಯು ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳುವುದು ಸೌಂದರ್ಯದ ಚಿಂತೆಯಿಂದ ಮಾತ್ರವಲ್ಲ, ಅಮಂಗಳದ ಆರೋಪಕ್ಕೆ ಅಂಜಿಯೂ ಹೌದು. ಮೂರನೆಯದು ‘ಗಂಡುಬೀರಿ’. ಈ ಪದವು ಮುಖ್ಯವಾಗಿ ನಡತೆಯನ್ನು ಕುರಿತದ್ದು. ಆದರೆ ತುಟಿಯ ಮೇಲೆ, ಗಲ್ಲದ ಮೇಲೆ ಕೂದಲು ಕಂಡ ಹೆಣ್ಣಿಗೂ ಇದೇ ಪದವು ಅಂಟುತ್ತದೆ. ಹೀಗೆ ದೇಹದ ಲಕ್ಷಣವು ಸ್ವಭಾವದ ದೋಷವಾಗಿ ಮಾರ್ಪಡುತ್ತದೆ. ಹೆಣ್ಣು ನೋಡುವ ಸಂದರ್ಭದಲ್ಲಿ ಜಡೆಯ ಉದ್ದವನ್ನೂ ಮುಖದ ನುಣುಪನ್ನೂ ಪರೀಕ್ಷಿಸುವ ಕಣ್ಣಿಗೆ ಇದೇ ತೀರ್ಪು ಹಿನ್ನೆಲೆಯಾಗಿರುತ್ತದೆ.

ಚಂದ್ರಗುತ್ತಿ ಮತ್ತು ದೇವಿಯ ಜಡೆ

ಬಂದಳಿಕೆಗೆ ನೆರೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯು ರೇಣುಕಾಂಬೆಯ, ಜನಪದರ ಗುತ್ಯಮ್ಮನ, ಗುಹಾಲಯವಿರುವ ಕ್ಷೇತ್ರ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ದೇವಿಯ ಸನ್ನಿಧಿಗೆ ಹೋಗುವ ಸೇವೆಯ ವಿಷಯದಲ್ಲಿ 1986ರ ಮಾರ್ಚ್ ತಿಂಗಳಲ್ಲಿ ಇಲ್ಲಿ ದೊಡ್ಡ ಘರ್ಷಣೆ ನಡೆದು, ಅನಂತರ ಸರ್ಕಾರವು ಆ ಸೇವೆಯನ್ನು ನಿಷೇಧಿಸಿತು. ಚರ್ಮರೋಗ, ಮಕ್ಕಳಿಲ್ಲದಿರುವುದು ಮೊದಲಾದ ದೇಹದ ತೊಂದರೆಗಳಿಗಾಗಿ ಹೊತ್ತ ಹರಕೆಗಳೂ ಆ ಸೇವೆಯ ಹಿಂದಿದ್ದವು ಎಂಬುದನ್ನು ಮರೆಯಲಾಗದು.

ರೇಣುಕೆ ಮತ್ತು ಎಲ್ಲಮ್ಮರ ಪರಂಪರೆಯಲ್ಲಿ ಕೂದಲಿನ ಅತ್ಯಂತ ತೀವ್ರವಾದ ಓದು ಎಂದರೆ ‘ಜಡೆ ಬರುವುದು’. ಹುಡುಗಿಯ ತಲೆಗೂದಲು ಗಂಟುಗಟ್ಟಿ ಜಟೆಯಾದರೆ ಅದು ದೇವಿಯ ಕರೆ, ಕತ್ತರಿಸಿದರೆ ಕೇಡು ಎಂಬ ನಂಬಿಕೆಯು ಅನೇಕ ಹುಡುಗಿಯರನ್ನು ಮುತ್ತು ಕಟ್ಟುವ ಆಚರಣೆಗೆ ಒಯ್ದಿತು. ದೇವದಾಸಿ ಸಮರ್ಪಣೆಯನ್ನು ಕರ್ನಾಟಕವು 1982ರ ಕಾಯ್ದೆಯ ಮೂಲಕ ನಿಷೇಧಿಸಿತು. ಜಡೆ ಕಟ್ಟುವುದಕ್ಕೆ ಹಾರ್ಮೋನು ಕಾರಣವಲ್ಲ. ಬಾಚದೆ, ತೊಳೆಯದೆ ಬಿಟ್ಟ ಕೂದಲಿನ ಎಳೆಗಳು ಜಿಡ್ಡು, ಹೇನು, ಉಜ್ಜಾಟಗಳಿಂದ ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲಾಗದಂತಾಗುತ್ತವೆ. ಕೆಲವು ಸಂದರ್ಭಗಳಲ್ಲಿ ಮನಸ್ಸಿನ ಖಿನ್ನತೆಯೂ ಇದಕ್ಕೆ ಹಿನ್ನೆಲೆಯಾಗುತ್ತದೆ. ಪೋಲೆಂಡಿನಲ್ಲಿಯೂ ಇಂತಹ ಜಡೆಯನ್ನು ಕತ್ತರಿಸಿದರೆ ರೋಗ ಬರುತ್ತದೆಂದು ನಂಬಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋವಿನ ವೈದ್ಯ ಯೋಜೆಫ್ ದೀಟ್ಲ್ ಆ ನಂಬಿಕೆಯ ವಿರುದ್ಧ ದುಡಿದನು. ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಬೋಳು, ಮೀಸೆ, ಜಡೆ ಈ ಮೂರನ್ನೂ ‘ದೇವರ ಕಾಟ’ ಅಥವಾ ‘ಹಣೆಬರಹ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ, ಬಾಚಣಿಗೆಯಿಂದ ತಡೆಯಬಹುದಾದದ್ದು ಯಾವುದು, ವೈದ್ಯರಿಗೆ ತೋರಿಸಬೇಕಾದದ್ದು ಯಾವುದು ಎಂಬ ವಿವೇಚನೆಗೆ ಎಡೆಯೇ ಇಲ್ಲವಾಗುತ್ತದೆ.

ಬಾಣಂತಿಕೋಣೆಯ ಕಾಲಗಣನೆ

ಮೇಲಿನ ಎಲ್ಲ ಓದುಗಳೂ ಹೆಣ್ಣಿನ ಕೂದಲನ್ನು ಹೊರಗಿನಿಂದ ನೋಡಿದವು. ಹೆಂಗಸರೇ ತಮ್ಮೊಳಗೆ ಉಳಿಸಿಕೊಂಡು ಬಂದ ತಿಳಿವಳಿಕೆಯ ಸ್ವರೂಪ ಬೇರೆ. ಹೆರಿಗೆಯಾದ ಕೆಲವು ತಿಂಗಳಿಗೆ ತಾಯಿಯ ಕೂದಲು ಹಿಡಿಹಿಡಿಯಾಗಿ ಉದುರತೊಡಗಿದಾಗ, ಮಗುವು ತಾಯಿಯ ಮುಖವನ್ನು ಗುರುತಿಸಿ ನಗಲು ಆರಂಭಿಸಿದುದರಿಂದ ಹೀಗಾಗುತ್ತಿದೆ ಎಂದು ಹಿರಿಯ ಹೆಂಗಸರು ಸಮಾಧಾನ ಹೇಳುವುದು ಕರ್ನಾಟಕದ ಅನೇಕ ಕಡೆ ರೂಢಿಯಲ್ಲಿದೆ. ಭಾರತದ ಇತರ ಭಾಗಗಳಲ್ಲಿಯೂ ಈ ನಂಬಿಕೆಯುಂಟು.

ಈ ನಂಬಿಕೆಯ ಕಾರಣವಿವರಣೆ ಸರಿಯಲ್ಲ, ಆದರೆ ಕಾಲಗಣನೆ ಸರಿಯಾಗಿದೆ. ತಲೆಗೂದಲಿನ ಪ್ರತಿಯೊಂದು ಎಳೆಯೂ ಕೆಲವು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಮಿಸಿ, ಅನಂತರ ಉದುರುತ್ತದೆ. ಬಸಿರಿನಲ್ಲಿ ಈಸ್ಟ್ರೋಜನ್ ಹೆಚ್ಚಿರುವುದರಿಂದ ಬೆಳವಣಿಗೆಯ ಹಂತವು ನೀಳವಾಗಿ ಕೂದಲು ದಟ್ಟವಾಗಿ ಕಾಣುತ್ತದೆ. ಹೆರಿಗೆಯೊಡನೆ ಆ ಹಾರ್ಮೋನು ತಟ್ಟನೆ ಇಳಿದಾಗ ಅಸಂಖ್ಯ ಎಳೆಗಳು ಒಮ್ಮೆಗೇ ವಿಶ್ರಾಂತಿಯ ಹಂತಕ್ಕೆ ಹೋಗುತ್ತವೆ, ಮೂರು ತಿಂಗಳ ಸುಮಾರಿಗೆ ಒಟ್ಟಿಗೇ ಉದುರುತ್ತವೆ. ಮಗುವು ತಾಯಿಯನ್ನು ಕಂಡು ಕೇಕೆ ಹಾಕಿ ನಗುವುದೂ ಮೂರು ನಾಲ್ಕು ತಿಂಗಳಿಗೇ. ಪಂಚಾಂಗವಿಲ್ಲದ ಬಾಣಂತಿಕೋಣೆಯು ಮಗುವಿನ ನಗೆಯಿಂದ ತಿಂಗಳನ್ನು ಎಣಿಸಿತು. ಅದಕ್ಕಿಂತ ಮುಖ್ಯವಾಗಿ, ಈ ನಂಬಿಕೆಯು ತಾಯಿಯ ಮೇಲೆ ಯಾವ ದೋಷವನ್ನೂ ಹೊರಿಸುವುದಿಲ್ಲ. ಇದು ಬರುವಂಥದ್ದು, ಹೋಗುವಂಥದ್ದು ಎನ್ನುತ್ತದೆ. ಸಾಮಾನ್ಯವಾಗಿ ಒಂದು ವರ್ಷದೊಳಗೆ ಕೂದಲು ಮರಳಿ ಬರುವುದರಿಂದ ಆ ಸಮಾಧಾನವೂ ಸುಳ್ಳಲ್ಲ.

ಮತ್ತಿಸೊಪ್ಪಿನ ಲೋಳೆ, ಸೀಗೆ, ಅಂಟುವಾಳ, ದಾಸವಾಳದ ಎಲೆ, ಗರುಗದ ಸೊಪ್ಪಿನ ಎಣ್ಣೆ ಇವುಗಳ ಬಳಕೆಯನ್ನೂ ಮುಖಕ್ಕೆ ಅರಿಸಿನ ಹಚ್ಚುವ ವಾಡಿಕೆಯನ್ನೂ ಇದೇ ಸ್ತ್ರೀಜ್ಞಾನದ ಭಾಗವಾಗಿ ನೋಡಬೇಕು. ಇವು ಕೂದಲನ್ನೂ ಚರ್ಮವನ್ನೂ ಶುಚಿಯಾಗಿಡುತ್ತವೆ. ಆದರೆ ಹಾರ್ಮೋನಿನ ಏರುಪೇರನ್ನು ಸರಿಪಡಿಸಲಾರವು. ಕೂದಲನ್ನು ಬೋಳಿಸಿದರೆ ದಪ್ಪನಾಗಿ ಬೆಳೆಯುತ್ತದೆಂಬ ನಂಬಿಕೆಯು ನಿಜವಲ್ಲವೆಂಬುದನ್ನು ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ 1928ರಲ್ಲಿಯೇ ತೋರಿಸಿದ್ದರು.

ಹಾರ್ಮೋನಿನ ಓದು

‘ಹಾರ್ಮೋನು’ ಎಂಬ ಪದವನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. 1921ರಲ್ಲಿ ಫ್ರಾನ್ಸಿನ ಅಶಾರ್ ಮತ್ತು ತಿಯೇರ್ ಅವರು ಗಡ್ಡವಿರುವ ಹೆಂಗಸರಲ್ಲಿ ಕಾಣುವ ಮಧುಮೇಹವನ್ನು ವಿವರಿಸಿದರು. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಅವರು ಏಳು ಮಂದಿ ಹೆಂಗಸರ ಅಧ್ಯಯನದಿಂದ ಮುಟ್ಟಿನ ಏರುಪೇರು, ಬಂಜೆತನ, ಅಧಿಕ ರೋಮ ಮತ್ತು ಅನೇಕ ಕಿರುಕೋಶಗಳಿಂದ ತುಂಬಿದ ಅಂಡಾಶಯ ಇವುಗಳ ನಡುವಿನ ಸಂಬಂಧವನ್ನು ಗುರುತಿಸಿದರು. ಇದೇ ಮುಂದೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಥವಾ ಪಿಸಿಓಎಸ್, ಎಂದು ಹೆಸರಾಯಿತು. 1942ರಲ್ಲಿ ಹ್ಯಾಮಿಲ್ಟನ್, ಎಳೆವಯಸ್ಸಿನಲ್ಲಿ ವೃಷಣ ಕಳೆದುಕೊಂಡ ಗಂಡಸರಿಗೆ ಬೋಳುತಲೆ ಬರುವುದಿಲ್ಲವೆಂದೂ, ಅವರಿಗೆ ಆಂಡ್ರೋಜನ್ ಕೊಟ್ಟಾಗ ಆ ಪ್ರವೃತ್ತಿಯುಳ್ಳವರಲ್ಲಿ ಕೂದಲು ಉದುರುತ್ತದೆಂದೂ ತೋರಿಸಿದನು. ಹೆಂಗಸರ ಅಧಿಕ ರೋಮವನ್ನು ಅಳೆಯುವ ಕ್ರಮವನ್ನು 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ರೂಪಿಸಿದರು. ಮುಂದಲೆಯ ಅಂಚು ಉಳಿದು ನೆತ್ತಿಯಲ್ಲಿ ಮಾತ್ರ ತೆಳುವಾಗುವ ಹೆಂಗಸರ ಕೂದಲುದುರುವಿಕೆಯನ್ನು 1977ರಲ್ಲಿ ಲುಡ್ವಿಗ್ ಮೂರು ಹಂತಗಳಾಗಿ ವಿಂಗಡಿಸಿದನು. ವಿದೇಹನ ಮತವು ಅಲ್ಲಗಳೆದ ಸಂಗತಿಯು ಹೀಗೆ ವೈದ್ಯಕೀಯದ ದಾಖಲೆಗೆ ಸೇರಿತು.

ಆಂಡ್ರೋಜನ್ನುಗಳನ್ನು ಗಂಡಸಿನ ಹಾರ್ಮೋನುಗಳೆಂದು ಕರೆಯುವ ರೂಢಿಯಿದ್ದರೂ ಅವು ಪ್ರತಿಯೊಬ್ಬ ಹೆಣ್ಣಿನ ಅಂಡಾಶಯ ಹಾಗೂ ಅಡ್ರಿನಲ್ ಗ್ರಂಥಿಗಳಲ್ಲಿ ಸಹಜವಾಗಿಯೇ ಉತ್ಪತ್ತಿಯಾಗುತ್ತವೆ. ಟೆಸ್ಟೋಸ್ಟಿರೋನು ರೋಮಕೂಪದಲ್ಲಿ ಇನ್ನೂ ಪ್ರಬಲವಾದ ಡೈಹೈಡ್ರೋಟೆಸ್ಟೋಸ್ಟಿರೋನಾಗಿ ಮಾರ್ಪಡುತ್ತದೆ. ಅದು ಗಲ್ಲ, ತುಟಿ, ಎದೆಗಳಲ್ಲಿನ ನವಿರಾದ ರೋಮವನ್ನು ದಪ್ಪ ಕೂದಲಾಗಿಸುತ್ತದೆ, ನೆತ್ತಿಯಲ್ಲಿನ ದಪ್ಪ ಕೂದಲನ್ನು ನವಿರಾಗಿಸುತ್ತದೆ. ಒಂದೇ ಹಾರ್ಮೋನು ಒಂದೆಡೆ ಬೆಳೆಸಿ ಇನ್ನೊಂದೆಡೆ ಅಳಿಸುವುದರಿಂದಲೇ ಗಂಡುಬೀರಿ, ಬೋಳಿ ಎಂಬ ಎರಡು ಬೈಗುಳಗಳು ಕೆಲವೊಮ್ಮೆ ಒಬ್ಬಳ ಮೇಲೆಯೇ ಬೀಳುತ್ತವೆ. ಇನ್ಸುಲಿನ್ ಪ್ರಮಾಣ ಹೆಚ್ಚಾದಾಗ ಅಂಡಾಶಯವು ಹೆಚ್ಚು ಆಂಡ್ರೋಜನ್ ಸ್ರವಿಸುತ್ತದೆ. ಅದೇ ಸಮಯಕ್ಕೆ ಯಕೃತ್ತಿನಲ್ಲಿ ಆ ಹಾರ್ಮೋನನ್ನು ಕಟ್ಟಿಡುವ ಪ್ರೋಟೀನಿನ ತಯಾರಿ ತಗ್ಗುತ್ತದೆ. ಅಶಾರ್ ಮತ್ತು ತಿಯೇರ್ ಕಂಡ ಮಧುಮೇಹದ ನಂಟು ಇದರಿಂದ ಅರ್ಥವಾಗುತ್ತದೆ. ಮಗುವನ್ನು ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಪಿಸಿಓಎಸ್ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜುಗಳಿಂದ ತಿಳಿಯುತ್ತದೆ. ಅವರಲ್ಲಿ ಬಹುಪಾಲು ಮಂದಿಗೆ ಅದು ತಿಳಿದೇ ಇರುವುದಿಲ್ಲ.

ಕಾರಣಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಥೈರಾಯ್ಡ್ ಸ್ರಾವದ ಕೊರತೆಯಿಂದ ತಲೆಯಲ್ಲೆಲ್ಲ ಕೂದಲು ತೆಳುವಾಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ತಗ್ಗಿ ಗಲ್ಲದ ಮೇಲೆ ಬಿರುಸಾದ ಎಳೆಗಳು ಮೂಡುವುದುಂಟು. ಅಡ್ರಿನಲ್ ಗ್ರಂಥಿಯ ಹುಟ್ಟುದೋಷವೂ ಅಧಿಕ ರೋಮಕ್ಕೆ ಕಾರಣವಾಗಬಹುದು. ಕೆಲವೇ ತಿಂಗಳಲ್ಲಿ ರೋಮವು ವೇಗವಾಗಿ ಬೆಳೆದು ದನಿಯೂ ಗಡುಸಾದರೆ ಗ್ರಂಥಿಯಲ್ಲಿ ಗೆಡ್ಡೆ ಇದೆಯೇ ಎಂದು ತಡಮಾಡದೆ ಪರೀಕ್ಷಿಸಬೇಕಾಗುತ್ತದೆ. ಇನ್ನೊಂದೆಡೆ, ಹಾರ್ಮೋನಿನ ಪ್ರಮಾಣವು ಸಹಜವಾಗಿದ್ದರೂ ರೋಮಕೂಪಗಳ ಆನುವಂಶಿಕ ಸೂಕ್ಷ್ಮತೆಯಿಂದ ಅಧಿಕ ರೋಮವಾಗಲಿ ಕೂದಲುದುರುವಿಕೆಯಾಗಲಿ ಕಾಣಿಸಿಕೊಳ್ಳುವುದುಂಟು. ಕಬ್ಬಿಣಾಂಶದ ಕೊರತೆಯಂತಹ ಹಾರ್ಮೋನಿಗೆ ಸಂಬಂಧಿಸದ ಕಾರಣಗಳೂ ಇವೆ. ಚಿಕಿತ್ಸೆಗಳು ಲಭ್ಯವಿದ್ದರೂ ಫಲ ಕಾಣಲು ಆರು ತಿಂಗಳಾದರೂ ಬೇಕಾಗುತ್ತದೆ.

ಉಪಸಂಹಾರ

ನಾಗರಖಂಡ ಸೀಮೆಯ ಈ ದೀರ್ಘ ಚರಿತ್ರೆಯಲ್ಲಿ ಕೂದಲಿನ ಓದುಗಳು ಎರಡು ಬಗೆಯವಾಗಿ ಕಾಣುತ್ತವೆ. ಲಕ್ಷಣಶಾಸ್ತ್ರ, ಬೈಗುಳ, ಜಡೆಯ ನಂಬಿಕೆ ಇವು ಕೂದಲನ್ನು ಹೆಣ್ಣಿನ ಗುಣದ ಅಥವಾ ಹಣೆಬರಹದ ಗುರುತಾಗಿ ಕಂಡವು. ಬಾಣಂತಿಕೋಣೆಯ ತಿಳಿವಳಿಕೆಯು ಅದನ್ನು ದೇಹದ ಕಾಲಕ್ಕೆ ಸೇರಿದ ಸಂಗತಿಯಾಗಿ ಕಂಡಿತು. ಹಾರ್ಮೋನಿನ ವಿವರಣೆಯು ಪಶ್ಚಿಮದ ಪ್ರಯೋಗಶಾಲೆಗಳಿಂದ ಬಂದದ್ದಾದರೂ ಸ್ವರೂಪದಲ್ಲಿ ಅದು ಎರಡನೆಯ ಬಗೆಯದು. ಆದ್ದರಿಂದ ಜನಪದ ನಂಬಿಕೆಯನ್ನೂ ವಿಜ್ಞಾನವನ್ನೂ ಇಡಿಯಾಗಿ ಎದುರುಬದುರು ನಿಲ್ಲಿಸುವುದು ಸರಿಯಾಗದು. ಜನಪದದೊಳಗೇ ಇರುವ ಈ ಎರಡು ದೃಷ್ಟಿಗಳನ್ನು ಬೇರ್ಪಡಿಸಬೇಕು.

ಈ ದಿಸೆಯಲ್ಲಿ ಜನಪದ ವೈದ್ಯದ ಸಂಗ್ರಹಕಾರ್ಯವೂ ಬದಲಾಗಬೇಕಾಗಿದೆ. ‘ಕೂದಲು ಉದುರುವುದಕ್ಕೆ ಮದ್ದು’ ಎಂಬ ಶೀರ್ಷಿಕೆಯಡಿ ಸೊಪ್ಪುಗಳ ಹೆಸರನ್ನು ಪಟ್ಟಿ ಮಾಡಿದರೆ ಸಾಲದು. ಆ ಮದ್ದನ್ನು ಯಾವ ವಯಸ್ಸಿನವರಿಗೆ, ಹೆರಿಗೆಯಾದ ಎಷ್ಟು ತಿಂಗಳಿಗೆ, ಮುಟ್ಟು ಸರಿಯಿದ್ದಾಗಲೋ ಏರುಪೇರಾದಾಗಲೋ ಕೊಡುತ್ತಿದ್ದರು ಎಂಬುದನ್ನು ಸಂಗ್ರಹಕಾರರು ಕೇಳಿ ಬರೆದುಕೊಳ್ಳಬೇಕು. ಇಂತಹ ವಿವರಗಳನ್ನು ಹೇಳಬಲ್ಲ ಸೂಲಗಿತ್ತಿಯರ ತಲೆಮಾರು ಕಡಿಮೆಯಾಗುತ್ತಿದೆ. ಜಕ್ಕಿಯಬ್ಬೆಯ ರೋಗವನ್ನು ಬಂದಣಿಕೆಯ ಶಿಲೆಯು ಹೆಸರಿಸದೆ ಬಿಟ್ಟಿತು. ಅದೇ ಸೀಮೆಯಲ್ಲಿ ಇಂದು ಸೆರಗಿನಡಿ ತಲೆಯನ್ನು ಮರೆಸಿಕೊಳ್ಳುವ ಹೆಂಗಸಿನ ತೊಂದರೆಗೆ ಹೆಸರು, ಕಾರಣ ಎರಡೂ ಇವೆ. ಅವು ಆಕೆಯನ್ನು ತಲಪುವಂತೆ ಆಕೆಯ ಮಾತಿನಲ್ಲಿಯೇ ಹೇಳಲು ಬೇಕಾದ ಪದಗಳೂ ಹೋಲಿಕೆಗಳೂ ಬಾಣಂತಿಕೋಣೆಯ ನೆನಪಿನಲ್ಲಿ ಇನ್ನೂ ಉಳಿದಿವೆ.